ಗಾಲಿ ಒಂದು ಸುತ್ತು ಬಂದರೆ ಎಷ್ಟು ದೂರ?

(ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಶನಿವಾರ ಮಧ್ಯಾಹ್ನ ಆಡಿದ ಮಾತು ಇದು. ಹೈಸ್ಕೂಲ್ ಮಕ್ಕಳು, ಅವರ ಅಪ್ಪ ಅಮ್ಮ, ಜೀಪ್ ಓಡಿಸುವ ಒಂದಿಬ್ಬರು ಬಂದಿದ್ದರು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಆವತ್ತು ಹೇಳದೆ ಬಿಟ್ಟ ಒಂದೆರಡು ವಿಷಯವನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲೆಕ್ಕದ ವಿಷಯ ಅಂತ ಹಿಂದಿನ ಬೆಂಚಿಗೆ ಹೋಗಿ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತು ಬೋರ್ಡಿಗಿಂತ ಈ ಸೈಕಲ್ಲಿಗೇ ಜಾಸ್ತಿ ಕೆಲಸ.

ಮೊದಲು ಒಂದು ಪೈಪಿನ ಕಥೆ ಹೇಳುತ್ತೇನೆ. ನಮ್ಮ ಸೋದರಮಾವನ ಅಡಿಕೆ ತೋಟಕ್ಕೆ ನೀರು ಬರುವುದು ಸೊಪ್ಪಿನಬೆಟ್ಟದ ಮೇಲಿನ ಒಂದು ಒರತೆಯಿಂದ. ಮೋಟಾರು ಬೇಡ, ಕರೆಂಟು ಬೇಡ, ಕಪ್ಪು ಪೈಪ್ ಎಳೆದರೆ ಸಾಕು, ಇಳಿಜಾರಿಗೆ ನೀರು ತಾನಾಗೇ ಇಳಿದು ಬರುತ್ತದೆ. ನಿಮ್ಮಲ್ಲೂ ಎಷ್ಟೋ ಮನೆಗೆ ಹೀಗೇ ನೀರು ಬರುತ್ತಿರಬಹುದು. ಹಳೇ ಪೈಪು ಅಲ್ಲಲ್ಲಿ ತೂತಾಗಿತ್ತು, ಹೊಸದು ಹಾಕಬೇಕಿತ್ತು, ಆದರೆ ಎಷ್ಟು ಉದ್ದ ಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಬೈಕ್ ತಗೊಂಡು ಪೈಪಿನ ಪಕ್ಕದ ದಾರಿಯಲ್ಲೇ ಒರತೆ ತನಕ ಹೋದೆ. ಮೀಟರಿನಲ್ಲಿ ಪಾಯಿಂಟ್ ಆರು ಬಂತು. ಅಂದರೆ 600 ಮೀಟರ್. ಶಿವಮೊಗ್ಗಕ್ಕೆ ಹೋಗಿ ನೂರು ಮೀಟರಿನ ಆರು ಸುರುಳಿ ತಂದೆವು. ಮೇಲಿನಿಂದ ಹಾಸಿಕೊಂಡು ಬಂದರೆ, ಟ್ಯಾಂಕು ಅಲ್ಲೇ ಕಾಣುತ್ತಿದೆ, ಪೈಪು ಮುಗಿದಿದೆ.

ಮಾವ ಏನೂ ಅನ್ನಲಿಲ್ಲ. ಆದರೆ ಆಳುಗಳ ಒಂದು ದಿನದ ಕೆಲಸ ಹಾಳಾಯಿತು, ಇನ್ನೊಂದು ಸುರುಳಿಗಾಗಿ ಮತ್ತೆ ಶಿವಮೊಗ್ಗಕ್ಕೆ ಹೋಗಬೇಕಾಯಿತು. ಆವತ್ತು ಸಂಜೆ ನಾನು ಹಳೇ ಸೈಕಲ್ ತೆಗೆದು, ಹಿಂದಿನ ಟಯರಿಗೆ ಒಂದು ಬಿಳಿ ಬಟ್ಟೆ ಚೂರು ಕಟ್ಟಿ, ಒರತೆಯಿಂದ ಟ್ಯಾಂಕಿನ ತನಕ ತಳ್ಳಿಕೊಂಡು ಬಂದೆ. ಬಟ್ಟೆ ಕೆಳಗೆ ಬಂದಾಗಲೆಲ್ಲ ಒಂದು ಎಣಿಕೆ. 297 ಸುತ್ತು ಆಯಿತು. ಆ ಗಾಲಿಯ ಒಂದು ಸುತ್ತು 2.23 ಮೀಟರ್. ಗುಣಿಸಿದರೆ 662 ಮೀಟರ್. ಹಾಸಿದ ಪೈಪಿಗೂ ಟ್ಯಾಂಕಿಗೂ ನಡುವಿನ ಜಾಗವನ್ನು ಟೇಪು ಹಿಡಿದು ನೋಡಿದರೆ 61 ಮೀಟರ್ ಚಿಲ್ಲರೆ.

ಬೈಕಿನ ಮೀಟರು ಸುಳ್ಳು ಹೇಳಿತಾ? ಇಲ್ಲ. ಅದು ನೂರು ಮೀಟರಿಗೆ ಒಂದು ಸಲ ಮಾತ್ರ ಅಂಕಿ ಬದಲಿಸುತ್ತದೆ. ಹೊರಡುವಾಗ 12.3 ಅಂತ ಇದ್ದರೆ ನಿಜವಾಗಿ ಅದು 12.30 ಇರಬಹುದು, 12.39 ಕೂಡ ಇರಬಹುದು. ಮುಟ್ಟಿದಾಗ ಕಾಣುವ 12.9 ಕೂಡ ಹಾಗೇ. ಎರಡನ್ನೂ ಕಳೆದಾಗ ಬರುವ 600 ಮೀಟರ್ ಅನ್ನುವುದು 510 ಇರಬಹುದು, 690 ಇರಬಹುದು. ಪೈಪ್ ತರುವುದಕ್ಕೆ ಆ ಲೆಕ್ಕ ಸಾಲದು. ಅದೇ ಬೈಕಿನ ಗಾಲಿಯ ಸುತ್ತುಗಳನ್ನೇ ನಾನು ಎಣಿಸಿದ್ದರೆ ಸಾಕಾಗುತ್ತಿತ್ತು.

ಈಗ ಈ ಸೈಕಲ್ ನೋಡಿ. ಗಾಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ನಡುವಿನ ಅಚ್ಚಿನ ಮೇಲೆ ಹಾದು ಅಳೆದರೆ 71 ಸೆಂಟಿಮೀಟರ್. ಅದು ವ್ಯಾಸ. ಟಯರಿನ ಸುತ್ತ ಒಂದು ದಾರ ಸುತ್ತಿ, ಬಿಚ್ಚಿ, ನೆಲದ ಮೇಲೆ ಹಾಸಿದರೆ ಸಿಗುವ ಉದ್ದ ಪರಿಧಿ. ವ್ಯಾಸವನ್ನು ಪೈ ಅನ್ನುವ ಸಂಖ್ಯೆಯಿಂದ, ಅಂದರೆ ಸುಮಾರು 3.1416ರಿಂದ ಗುಣಿಸಿದರೆ ಪರಿಧಿ ಬರುತ್ತದೆ ಅಂತ ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಅದನ್ನು ಒಂದು ನಿಮಿಷ ಮರೆತುಬಿಡಿ. ಆ ದಾರವನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಗಾಲಿ ಉರುಳುವಾಗ ಆಗುವುದೂ ಅದೇ. ಟಯರಿನ ಅಂಚಿನ ಒಂದೊಂದು ಚೂರೂ ಸರದಿಯ ಮೇಲೆ ಬಂದು ನೆಲಕ್ಕೆ ಒಮ್ಮೆ ಒತ್ತಿಕೊಂಡು ಮೇಲೆ ಹೋಗುತ್ತದೆ. ಒಂದು ಸುತ್ತು ಮುಗಿದಾಗ ಇಡೀ ಅಂಚು ನೆಲದ ಮೇಲೆ ಒಂದು ಸಲ ಹಾಸಿ ಎತ್ತಿದ ಹಾಗೆ ಆಯಿತು. ಅದಕ್ಕೇ ಗಾಲಿ ಒಂದು ಸುತ್ತಿಗೆ ಹೋಗುವ ದೂರ ಅದರ ಪರಿಧಿಯಷ್ಟು. ನಂಬಿಕೆ ಬರದಿದ್ದರೆ ಮಳೆಗಾಲದಲ್ಲಿ ಅಂಗಳದ ಕೆಸರಿನಲ್ಲಿ ಸೈಕಲ್ ತಳ್ಳಿ. ಟಯರಿನ ಒಂದು ಜಾಗಕ್ಕೆ ದಪ್ಪ ಹಗ್ಗ ಕಟ್ಟಿದ್ದರೆ ಆ ಹಗ್ಗದ ಗುರುತು ಕೆಸರಿನಲ್ಲಿ ಒಂದೇ ಅಂತರಕ್ಕೆ ಬೀಳುತ್ತಾ ಹೋಗುತ್ತದೆ.

ನಮ್ಮ ಬಾಲ್ಯದಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಲು ಊರೇ ಸೇರುತ್ತಿತ್ತು. ನಾನು ಕಂಡ ಆಚಾರಿ ಪೈ ಅನ್ನುವ ಹೆಸರನ್ನೂ ಕೇಳಿದವರಲ್ಲ. ಉದ್ದದ ಪಟ್ಟಿಯನ್ನು ನೆಲದ ಮೇಲೆ ಹಾಸಿ, ಮರದ ಚಕ್ರಕ್ಕೆ ಒಂದು ಗುರುತು ಹಾಕಿ, ಆ ಚಕ್ರವನ್ನೇ ಪಟ್ಟಿಯ ಮೇಲೆ ಒಂದು ಸುತ್ತು ಉರುಳಿಸುತ್ತಿದ್ದರು. ಎಲ್ಲಿಗೆ ಗುರುತು ಮತ್ತೆ ಬಂತೋ ಅಲ್ಲಿಗಿಂತ ಒಂದು ಬೆರಳಿನಷ್ಟು ಕಡಿಮೆ ಮಾಡಿ ಕತ್ತರಿಸುವುದು. ಯಾಕೆ ಕಡಿಮೆ ಅಂದರೆ, ಬಳೆ ಮಾಡಿದ ಪಟ್ಟಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಕಬ್ಬಿಣ 500 ಡಿಗ್ರಿ ಬಿಸಿ ಏರಿದರೆ ಒಂದು ಮೀಟರಿಗೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಒಂದೂವರೆ ಮೀಟರ್ ಎತ್ತರದ ಚಕ್ರ ಅಂದರೆ ಪರಿಧಿ 4.7 ಮೀಟರ್, ಅಲ್ಲಿಗೆ ಪಟ್ಟಿ 28 ಮಿಲಿಮೀಟರ್ ಹಿಗ್ಗಿತು. ಅಷ್ಟರಲ್ಲಿ ಚಕ್ರದ ಮೇಲೆ ಕೂರಿಸಿ ನೀರು ಸುರಿದರೆ ಚುಂಯ್ ಅಂತ ಕುಗ್ಗಿ, ಚಕ್ರದ ಮರಗಳನ್ನೆಲ್ಲ ಒಟ್ಟಿಗೆ ಬಿಗಿದು ಹಿಡಿಯುತ್ತದೆ. ಅಳತೆ ಜಾಸ್ತಿಯಾದರೆ ಪಟ್ಟಿ ಕಳಚುತ್ತದೆ, ತೀರಾ ಕಡಿಮೆಯಾದರೆ ಹತ್ತುವುದೇ ಇಲ್ಲ. ಸೂತ್ರ ಇಲ್ಲದೆ, ಬರೀ ಉರುಳಿಸಿ ನೋಡಿ, ಐದು ಮೀಟರಿನಲ್ಲಿ ಒಂದು ಬೆರಳಿನ ಲೆಕ್ಕ ಇಡುತ್ತಿದ್ದ ಆ ಕೈಗಳ ಬಗ್ಗೆ ನನಗೆ ಇವತ್ತಿಗೂ ಗೌರವ.

ಪೈ ವಿಷಯಕ್ಕೂ ಬರೋಣ. ಕ್ರಿ.ಶ. 499ರಲ್ಲಿ ಆರ್ಯಭಟ ಒಂದು ಶ್ಲೋಕದಲ್ಲಿ ಇದನ್ನು ಹೇಳಿದ್ದಾನೆ. ನೂರಕ್ಕೆ ನಾಲ್ಕು ಸೇರಿಸು, ಎಂಟರಿಂದ ಗುಣಿಸು, 62,000 ಕೂಡಿಸು. 62,832 ಬಂತಲ್ಲ, ಅದು 20,000 ವ್ಯಾಸದ ವೃತ್ತದ ಪರಿಧಿ. ಭಾಗಿಸಿದರೆ 3.1416. ಅವನು ಬಳಸಿದ ಮಾತು ‘ಆಸನ್ನ’, ಅಂದರೆ ಹತ್ತಿರದ್ದು. ಇದೇ ಪೂರ್ತಿ ನಿಖರ ಅಂತ ಅವನು ಹೇಳಲಿಲ್ಲ, ಹತ್ತಿರದ್ದು ಅಂದ. ಆ ಒಂದು ಮಾತು ನನಗೆ ಬಹಳ ಇಷ್ಟ. ಅವನಿಗೂ ಸುಮಾರು ಐನೂರು ವರ್ಷ ಹಿಂದೆ ರೋಮ್‌ನ ವಿಟ್ರೂವಿಯಸ್ ಗಾಡಿಗೆ ಕಟ್ಟುವ ಒಂದು ದೂರ ಎಣಿಸುವ ಯಂತ್ರದ ಬಗ್ಗೆ ಬರೆದಿದ್ದ. 4 ಅಡಿ ವ್ಯಾಸದ ಚಕ್ರ, ಒಂದು ಸುತ್ತಿಗೆ 12½ ಅಡಿ, 400 ಸುತ್ತಿಗೆ ಅವರ ಒಂದು ಮೈಲಿ, ಅಂದರೆ 5,000 ಅಡಿ. ಮೈಲಿಗೊಂದು ಸಲ ಒಂದು ಕಲ್ಲು ಡಬ್ಬಿಗೆ ಬೀಳುವಂತೆ ಹಲ್ಲು ಚಕ್ರಗಳನ್ನು ಜೋಡಿಸುವುದು. ಸಂಜೆ ಕಲ್ಲು ಎಣಿಸಿದರೆ ಎಷ್ಟು ಮೈಲಿ ಬಂದೆವು ಅಂತ ಗೊತ್ತಾಗುತ್ತದೆ. ಅವನ ಲೆಕ್ಕದಲ್ಲಿ ಪೈ 3.125 ಆಗುತ್ತದೆ, ಸ್ವಲ್ಪ ಕಡಿಮೆ, ಆದರೂ ರಸ್ತೆಗೆ ಸಾಕು.

ಹಾಗಾದರೆ 22/7 ಹಾಕಬೇಕಾ, 3.1416 ಹಾಕಬೇಕಾ ಅಂತ ಮಕ್ಕಳು ಪರೀಕ್ಷೆಗೆ ಮೊದಲು ಕೇಳುತ್ತಾರೆ. ಈ 71 ಸೆಂಟಿಮೀಟರ್ ಗಾಲಿಗೆ ಎರಡನ್ನೂ ಹಾಕಿ ನೋಡಿ. ಒಂದರಲ್ಲಿ 223.14 ಸೆಂಟಿಮೀಟರ್, ಇನ್ನೊಂದರಲ್ಲಿ 223.05. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಈಗ ನಾನು ಸೈಕಲ್ ಮೇಲೆ ಕೂತುಕೊಳ್ಳುತ್ತೇನೆ, ಟಯರಿನ ಕೆಳಭಾಗ ನೋಡಿ. ಸ್ವಲ್ಪ ಚಪ್ಪಟೆ ಆಯಿತಲ್ಲ? ಅಚ್ಚು ನೆಲಕ್ಕೆ ಹತ್ತಿರ ಬಂತು. ನಾನು ಮನೆಯಲ್ಲಿ ಕೂತು ಓಡಿಸಿ ಹತ್ತು ಸುತ್ತಿಗೆ ಟೇಪು ಹಿಡಿದಾಗ 22 ಮೀಟರ್ 10 ಸೆಂಟಿಮೀಟರ್ ಬಂತು. ಅಂದರೆ ಒಂದು ಸುತ್ತಿಗೆ 221. ತಳ್ಳಿಕೊಂಡು ಹೋದಾಗ 223, ಕೂತು ಹೋದಾಗ 221. ಎರಡು ಸೆಂಟಿಮೀಟರ್ ಹೋಯಿತು. ಪೈನ ದಶಮಾಂಶಕ್ಕಿಂತ ಇಪ್ಪತ್ತು ಪಟ್ಟು ದೊಡ್ಡ ವ್ಯತ್ಯಾಸ ಟಯರಿನ ಗಾಳಿಯಲ್ಲಿದೆ. ಅದಕ್ಕೇ ನಿಮ್ಮ ಸೈಕಲ್ಲಿನ ಪರಿಧಿ ಬೇಕಿದ್ದರೆ ಸ್ಕೇಲು ಇಟ್ಟು ವ್ಯಾಸ ಅಳೆಯುವುದಕ್ಕಿಂತ, ಗಾಳಿ ಸರಿಯಾಗಿ ಹಾಕಿ, ನೀವೇ ಕೂತು, ಹತ್ತು ಸುತ್ತು ನೇರವಾಗಿ ಓಡಿಸಿ, ಹತ್ತರಿಂದ ಭಾಗಿಸಿ. ಹತ್ತು ಯಾಕೆ ಅಂದರೆ, ಟೇಪು ಹಿಡಿಯುವಾಗ ಒಂದು ಸೆಂಟಿಮೀಟರ್ ತಪ್ಪಿದರೂ ಅದು ಹತ್ತು ಸುತ್ತಿಗೆ ಹಂಚಿಹೋಗುತ್ತದೆ.

ಇಷ್ಟು ಸಾಮಾನ್ಯ ವಿಧಾನದಿಂದ ಎಷ್ಟು ನಿಖರ ಬರುತ್ತದೆ ಅಂತ ಅನುಮಾನ ಇದ್ದರೆ, ದೊಡ್ಡ ಮ್ಯಾರಥಾನ್ ಓಟಗಳ ದಾರಿಯನ್ನು ಹೇಗೆ ಅಳೆಯುತ್ತಾರೆ ಕೇಳಿ. ಸೈಕಲ್ಲಿನಲ್ಲಿ! ಮುಂದಿನ ಗಾಲಿಯ ಅಚ್ಚಿಗೆ ಜೋನ್ಸ್ ಕೌಂಟರ್ ಅನ್ನುವ ಸಣ್ಣ ಎಣಿಕೆ ಯಂತ್ರ ಹಾಕುತ್ತಾರೆ. ಅಮೆರಿಕದ ಅಲನ್ ಜೋನ್ಸ್ ಮತ್ತು ಅವರ ಮಗ ಸೇರಿ 1971ರಲ್ಲಿ ಮಾಡಿದ್ದು. ಮೊದಲು ಸ್ಟೀಲ್ ಟೇಪಿನಲ್ಲಿ ಅಳೆದ ಒಂದು ನೇರ ರಸ್ತೆಯ ಮೇಲೆ ನಾಲ್ಕು ಸಲ ಓಡಿಸಿ, ಎಷ್ಟು ಎಣಿಕೆಗೆ ಎಷ್ಟು ಮೀಟರ್ ಅಂತ ತಿಳಿದುಕೊಳ್ಳುತ್ತಾರೆ. ಆಮೇಲೆ ಓಟದ ದಾರಿ ಅಳೆಯುತ್ತಾರೆ. ಮುಗಿದ ಮೇಲೆ ಮತ್ತೆ ಅದೇ ನೇರ ರಸ್ತೆಗೆ ಬಂದು ಇನ್ನೂ ನಾಲ್ಕು ಸಲ ಓಡಿಸುತ್ತಾರೆ, ಯಾಕಂದರೆ ಅಷ್ಟರಲ್ಲಿ ಬಿಸಿಲೇರಿ ಟಯರಿನ ಗಾಳಿ ಬಿಸಿಯಾಗಿ, ಗಾಲಿ ಒಂದಿಷ್ಟು ದೊಡ್ಡದಾಗಿರಬಹುದು. ತಿರುವುಗಳಲ್ಲಿ ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡುವವರು ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲೇ ಸೈಕಲ್ ಹೋಗಬೇಕು. ಇಷ್ಟಾದರೂ ಕೊರತೆ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. 42.195 ಕಿಲೋಮೀಟರಿಗೆ 42 ಮೀಟರ್. ಮೊಬೈಲು, ಉಪಗ್ರಹ ಎಲ್ಲ ಬಂದ ಮೇಲೂ ಈ ಕೆಲಸಕ್ಕೆ ಸೈಕಲ್ ಗಾಲಿಯನ್ನೇ ನಂಬುತ್ತಾರೆ.

ಮೊಬೈಲ್ ಯಾಕೆ ಬೇಡ ಅಂತ ಒಬ್ಬರು ಕೇಳಿದರು. ಮೊಬೈಲು ನೀವು ಇದ್ದ ಜಾಗಗಳನ್ನು ಚುಕ್ಕಿ ಚುಕ್ಕಿಯಾಗಿ ಗುರುತಿಸಿ, ಚುಕ್ಕಿಗಳನ್ನು ನೇರ ಗೆರೆಯಿಂದ ಸೇರಿಸುತ್ತದೆ. ನಮ್ಮ ರಸ್ತೆಗಳಲ್ಲಿ ನೇರ ಎಲ್ಲಿದೆ? ಎರಡು ಚುಕ್ಕಿಯ ನಡುವೆ ಒಂದು ತಿರುವು ಇದ್ದರೆ ಅದು ಕತ್ತರಿಸಿಹೋಗುತ್ತದೆ. ಮೇಲೆ ಮರ ದಟ್ಟವಾಗಿದ್ದರೆ ಚುಕ್ಕಿಯೇ ಅತ್ತಿತ್ತ ಹಾರುತ್ತದೆ. ಗಾಲಿಗೆ ಆ ತೊಂದರೆ ಇಲ್ಲ, ಅದು ತಿರುವಿನ ಮೇಲೆ ಪೂರ್ತಿ ಉರುಳಲೇಬೇಕು.

ತಿರುವು ಅಂದಾಗ ಆಗುಂಬೆ ಘಾಟಿ ನೆನಪಾಗದೆ ಇರುತ್ತದಾ? ಇಲ್ಲಿ ನಿಮಗೆ ಒಂದು ಲೆಕ್ಕ ಹೇಳುತ್ತೇನೆ, ನಾನು ಮೊದಲ ಸಲ ಮಾಡಿದಾಗ ಎರಡೆರಡು ಬಾರಿ ತಿರುಗಿಸಿ ನೋಡಿದ್ದೆ. ಕಾರು ಹೇರ್‌ಪಿನ್ ತಿರುವಿನಲ್ಲಿ ಅರ್ಧ ವೃತ್ತ ಸುತ್ತುತ್ತದೆ ಅಂತ ಇಟ್ಟುಕೊಳ್ಳಿ. ಒಳಗಿನ ಗಾಲಿಯ ದಾರಿ ಸಣ್ಣ ಅರ್ಧ ವೃತ್ತ, ಹೊರಗಿನ ಗಾಲಿಯ ದಾರಿ ದೊಡ್ಡ ಅರ್ಧ ವೃತ್ತ. ಎರಡು ಗಾಲಿಯ ನಡುವೆ ಒಂದೂವರೆ ಮೀಟರ್ ಇದ್ದರೆ, ಹೊರಗಿನ ಗಾಲಿ ಎಷ್ಟು ಜಾಸ್ತಿ ಹೋಗುತ್ತದೆ? ಪೈ ಸಲ ಒಂದೂವರೆ. 4.7 ಮೀಟರ್. ತಿರುವು ಕಿರಿದಾಗಿರಲಿ, ಅಗಲವಾಗಿರಲಿ, ಉತ್ತರ ಅದೇ 4.7. ತಿರುವಿನ ತ್ರಿಜ್ಯ ಲೆಕ್ಕದಲ್ಲಿ ಕಳೆದುಹೋಗಿ, ಗಾಲಿಗಳ ನಡುವಿನ ಅಂತರ ಮಾತ್ರ ಉಳಿಯುತ್ತದೆ. ಎರಡು ಹಿಂದಿನ ಗಾಲಿಯನ್ನೂ ಒಂದೇ ಅಚ್ಚಿಗೆ ಬಿಗಿದರೆ ಎರಡೂ ಅಷ್ಟೇ ಸುತ್ತು ತಿರುಗಬೇಕಾಗುತ್ತದೆ, ಆಗ ಒಂದು ಗಾಲಿ ರಸ್ತೆಗೆ ಉಜ್ಜಿಕೊಂಡು ಹೋಗುತ್ತದೆ. ಅದನ್ನು ತಪ್ಪಿಸಲು ಡಿಫರೆನ್ಷಿಯಲ್ ಇದೆ, ಅಂದರೆ ಎರಡು ಗಾಲಿಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲು ಚಕ್ರಗಳ ಜೋಡಣೆ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಎರಡು ಚಕ್ರವೂ ಅದರ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ, ಹಾಗಾಗಿ ಅದಕ್ಕೆ ಆ ಯಂತ್ರ ಬೇಕಿಲ್ಲ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಅಂತ ಹೇಳುತ್ತಾರೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಎಡ ತಿರುವಿನಲ್ಲಿ ಬಲಗಾಲಿ 4.7 ಮೀಟರ್ ಮುಂದೆ, ಬಲ ತಿರುವಿನಲ್ಲಿ ಎಡಗಾಲಿ 4.7 ಮುಂದೆ. ಒಂದು ಇನ್ನೊಂದನ್ನು ತೀರಿಸುತ್ತದೆ. ಆಗುಂಬೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಹೊರಟ ಕಾರು ಕೆಳಗೆ ಸೋಮೇಶ್ವರದಲ್ಲೂ ಪಶ್ಚಿಮಕ್ಕೇ ಮುಖ ಮಾಡಿ ನಿಂತರೆ, ನಡುವೆ ಎಷ್ಟೇ ಸುತ್ತಿ ಬಳಸಿ ಇಳಿದಿದ್ದರೂ, ಎಡ ಬಲ ಗಾಲಿಗಳು ಹೋದ ದೂರ ಒಂದೇ. ಮುಂದಿನ ಸಲ ಬಸ್ಸಿನಲ್ಲಿ ಇಳಿಯುವಾಗ ಹೊಟ್ಟೆ ತೊಳೆಸುತ್ತಿದ್ದರೂ ಇದನ್ನು ಒಮ್ಮೆ ಯೋಚಿಸಿ.

ಜೀಪ್ ಓಡಿಸುವ ಅಣ್ಣ ಒಬ್ಬರು ಟಯರ್ ಸವೆದರೆ ಮೀಟರ್ ಜಾಸ್ತಿ ತೋರಿಸುತ್ತದಾ ಅಂತ ಕೇಳಿದರು. ಹೌದು. ಕಾರಿನ ಟಯರಿನ ಮೇಲೆ 165/80 ಆರ್ 14 ಅಂತ ಬರೆದಿರುತ್ತದೆ ನೋಡಿ. 165 ಮಿಲಿಮೀಟರ್ ಅಗಲ, ಅದರ ಶೇಕಡಾ 80 ಅಂದರೆ 132 ಮಿಲಿಮೀಟರ್ ಪಕ್ಕದ ಎತ್ತರ, ಒಳಗಿನ ರಿಮ್ಮು 14 ಇಂಚು. 14 ಇಂಚು ಅಂದರೆ 356 ಮಿಲಿಮೀಟರ್, ಅದಕ್ಕೆ ಮೇಲೊಂದು ಕೆಳಗೊಂದು 132 ಸೇರಿಸಿದರೆ 620. ಪರಿಧಿ 1.95 ಮೀಟರ್. ಹೊಸ ಟಯರಿನ ಮೇಲಿನ ರಬ್ಬರ್ ಗುಂಡಿಗಳ ಎತ್ತರ 8 ಮಿಲಿಮೀಟರ್ ಇದ್ದದ್ದು ಸವೆದು 1.6ಕ್ಕೆ ಬಂದರೆ ವ್ಯಾಸದಲ್ಲಿ 13 ಮಿಲಿಮೀಟರ್ ಕಡಿಮೆಯಾಯಿತು, ನೂರಕ್ಕೆ ಎರಡು. ಮೀಟರಿಗೆ ಟಯರ್ ಸವೆದದ್ದು ಗೊತ್ತಿಲ್ಲ. ಅದು ಸುತ್ತು ಎಣಿಸಿ, ತನಗೆ ಹೇಳಿಕೊಟ್ಟ ಪರಿಧಿಯಿಂದ ಗುಣಿಸುತ್ತದೆ ಅಷ್ಟೆ. ಹೊಸ ಟಯರಿನಲ್ಲಿ ಸರಿ ಇದ್ದ ಮೀಟರು ಸವೆದ ಟಯರಿನಲ್ಲಿ 1,000 ಕಿಲೋಮೀಟರ್ ತೋರಿಸಿದಾಗ ನಿಜವಾಗಿ ಓಡಿದ್ದು ಸುಮಾರು 980. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುವವರಿಗೆ, ತಗೊಳ್ಳುವವರಿಗೆ ಇದು ಗೊತ್ತಿರಬೇಕು. ಕಂಪನಿಯವರು ಹಾಕಿದ ಅಳತೆ ಬಿಟ್ಟು ಬೇರೆ ಅಳತೆಯ ಟಯರ್ ಹಾಕಿಸುವವರಂತೂ ಮೊದಲು ಈ ಗುಣಾಕಾರ ಮಾಡಿ ನೋಡಬೇಕು. ರೈಲಿನ ಕಬ್ಬಿಣದ ಗಾಲಿಗೂ ಇದು ತಪ್ಪಿದ್ದಲ್ಲ. ಈಗಿನ ಎಲ್‌ಎಚ್‌ಬಿ ಅನ್ನುವ ಮಾದರಿಯ ರೈಲು ಬೋಗಿಯ ಹೊಸ ಗಾಲಿ 915 ಮಿಲಿಮೀಟರ್ ವ್ಯಾಸ, ಕಿಲೋಮೀಟರಿಗೆ 348 ಸುತ್ತು. ಸವೆದು, ಕಡೆದು, 845ಕ್ಕೆ ಬಂದಾಗ 377 ಸುತ್ತು.

ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ‘ಸರ್, ನಡುವೆ ಇರುವ ಹಬ್ ಕೂಡ ಒಂದೇ ಸುತ್ತು ತಿರುಗತ್ತೆ. ಅದರ ಪರಿಧಿ ಗೇಣಿನಷ್ಟೂ ಇಲ್ಲ. ಆದ್ರೂ ಅದು ಟಯರಿನಷ್ಟೇ ದೂರ ಹೋಗತ್ತಲ್ಲ, ಹೇಗೆ?’ ಇದು ಗ್ರೀಕರ ಕಾಲದಿಂದ ದೊಡ್ಡ ದೊಡ್ಡವರನ್ನು ಕಾಡಿದ ಪ್ರಶ್ನೆ. ಉತ್ತರ ಆ ದಾರದಲ್ಲೇ ಇದೆ. ಟಯರು ತನ್ನ ಅಂಚನ್ನು ನೆಲದ ಮೇಲೆ ಹಾಸುತ್ತಾ ಹೋಗುತ್ತದೆ, ಹಬ್ ಯಾವುದರ ಮೇಲೂ ಏನನ್ನೂ ಹಾಸುತ್ತಿಲ್ಲ. ಅದನ್ನು ಕಡ್ಡಿಗಳು ಹೊತ್ತುಕೊಂಡು ಹೋಗುತ್ತಿವೆ. ಹಬ್ಬಿನ ಎತ್ತರಕ್ಕೆ ಒಂದು ಹಲಗೆ ಇಟ್ಟು ಅದರ ಮೇಲೆ ಹಬ್ ತಾಗುವಂತೆ ಸೈಕಲ್ ತಳ್ಳಿದರೆ ಅದು ಉರುಳುವುದಿಲ್ಲ, ಉಜ್ಜಿಕೊಂಡು ಜಾರುತ್ತದೆ. ಸುತ್ತನ್ನು ಪರಿಧಿಯಿಂದ ಗುಣಿಸುವುದು ನೆಲವನ್ನು ಜಾರದೆ ಹಿಡಿದ ಅಂಚಿಗೆ ಮಾತ್ರ ಸರಿ.

ಅವಳ ಪ್ರಶ್ನೆಗೆ ಸೇರಿಸಿ ಇನ್ನೊಂದು. ಟ್ಯೂಬಿನ ವಾಲ್ವ್ ನೋಡಿಕೊಳ್ಳಿ. ಗಾಲಿ ಮುಂದೆ ಹೋಗುವಾಗ ಅದು ಮೇಲೇರಿ, ಮುಂದಕ್ಕೆ ಬಾಗಿ, ಕೆಳಗಿಳಿದು ಕಮಾನಿನ ಹಾಗೆ ಹೋಗುತ್ತದೆ. ಅಂಚಿನ ಒಂದು ಚುಕ್ಕಿ ಬಿಡಿಸುವ ಆ ಕಮಾನಿಗೆ ಸೈಕ್ಲಾಯ್ಡ್ ಅನ್ನುತ್ತಾರೆ. ಅದರ ಉದ್ದದಲ್ಲಿ ಪೈ ಇಲ್ಲವೇ ಇಲ್ಲ, ಸರಿಯಾಗಿ ವ್ಯಾಸದ ನಾಲ್ಕು ಪಟ್ಟು. ಇಂಗ್ಲೆಂಡಿನ ಕ್ರಿಸ್ಟಫರ್ ರೆನ್ 1658ರಲ್ಲಿ ಇದನ್ನು ತೋರಿಸಿಕೊಟ್ಟ. ಸೈಕಲ್ ವ್ಯಾಸದ 3.14ರಷ್ಟು ಮುಂದೆ ಹೋಗುವಷ್ಟರಲ್ಲಿ ಅಂಚಿನ ಚುಕ್ಕಿ 4ರಷ್ಟು ಸುತ್ತಾಡಿರುತ್ತದೆ. ಆ ಚುಕ್ಕಿ ನೆಲ ಮುಟ್ಟಿದ ಗಳಿಗೆಯಲ್ಲಿ ಮಾತ್ರ ಪೂರ್ತಿ ನಿಂತಿರುತ್ತದೆ. ಕೆಸರಿನಲ್ಲಿ ಟಯರಿನ ಅಚ್ಚು ಅಷ್ಟು ಸ್ಪಷ್ಟವಾಗಿ ಮೂಡುವುದು ಅದಕ್ಕೇ.

ಜಾರಿದರೆ ಮಾತ್ರ ಎಲ್ಲ ಲೆಕ್ಕವೂ ಕೆಡುತ್ತದೆ. ಜುಲೈ ತಿಂಗಳಲ್ಲಿ ತೋಟದ ದಾರಿಯಲ್ಲಿ ಜೀಪು ಹೂತುಕೊಂಡದ್ದನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಗಾಲಿ ನೂರು ಸುತ್ತು ತಿರುಗುತ್ತದೆ, ಜೀಪು ಒಂದು ಅಡಿ ಕದಲುವುದಿಲ್ಲ. ಮಂಗಳದ ಮರಳಿನಲ್ಲೂ ಇದೇ ಪಾಡು. ಅಲ್ಲಿ ಓಡಾಡುವ ಕ್ಯೂರಿಯಾಸಿಟಿ ಅನ್ನುವ ರೋವರಿನ ಗಾಲಿ ಅರ್ಧ ಮೀಟರ್ ವ್ಯಾಸದ್ದು, ಹಾಗಾಗಿ ಒಂದು ಸುತ್ತಿಗೆ 1.57 ಮೀಟರ್ ಹೋಗಬೇಕು. ಗಾಲಿಯಲ್ಲಿ ಮೋರ್ಸ್ ಸಂಕೇತದ ಹಾಗೆ ತೂತುಗಳನ್ನು ಮಾಡಿದ್ದಾರೆ. ಒಂದೊಂದು ಸುತ್ತಿಗೂ ಆ ಗುರುತು ಮರಳಿನಲ್ಲಿ ಬೀಳುತ್ತದೆ. ಕ್ಯಾಮೆರಾ ಹಿಂದೆ ತಿರುಗಿ ಎರಡು ಗುರುತಿನ ನಡುವೆ ಎಷ್ಟಿದೆ ನೋಡುತ್ತದೆ, ಕಡಿಮೆ ಇದ್ದರೆ ಗಾಲಿ ಜಾರಿದೆ ಅಂತ. ನಾನು ಹೇಳಿದ ಕೆಸರಿನ ಹಗ್ಗಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ! ನಮ್ಮ ಪ್ರಜ್ಞಾನ್ ರೋವರು 2023ರ ಆಗಸ್ಟಿನಲ್ಲಿ ಚಂದ್ರನ ಮೇಲೆ ಇಳಿದು ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಓಡಿತಲ್ಲ, ಅದರ ಹಿಂದಿನ ಗಾಲಿಗಳಿಗೂ ರಾಷ್ಟ್ರಲಾಂಛನ ಮತ್ತು ಇಸ್ರೋ ಚಿಹ್ನೆ ಕೆತ್ತಿದ್ದರು.

ಮಾತು ಸಾಕು ಅಂತ ಎಲ್ಲರೂ ಹೊರಗೆ ಬಂದೆವು. ಗ್ರಂಥಾಲಯದ ಬಾಗಿಲಿನಿಂದ ಬಸ್ ನಿಲ್ದಾಣದ ಕಟ್ಟೆ ತನಕ ಎಷ್ಟು ದೂರ ಅಂತ ಮೂರು ಸೈಕಲ್ಲಿನಲ್ಲಿ ಅಳೆಯುವುದು. ಮೊದಲು ಮೂವರೂ ತಮ್ಮ ಗಾಲಿಯ ಹತ್ತು ಸುತ್ತು ಅಳೆದುಕೊಂಡರು. ದೊಡ್ಡ ಸೈಕಲ್ಲನ್ನು ತಳ್ಳಿಕೊಂಡು ಹೋದವನಿಗೆ 84 ಸುತ್ತು, ಸುತ್ತಿಗೆ 2.23, ಒಟ್ಟು 187.3 ಮೀಟರ್. 26 ಇಂಚಿನ ಸೈಕಲ್ಲಿನ ಹುಡುಗಿಗೆ ತೊಂಬತ್ತೂವರೆ ಸುತ್ತು, ಸುತ್ತಿಗೆ 2.07, ಅದೂ 187.3. ಸಣ್ಣ ಸೈಕಲ್ಲಿನ ಹುಡುಗನಿಗೆ ಮಾತ್ರ ಸುತ್ತಿಗೆ 1.56ರ ಹಾಗೆ 123 ಸುತ್ತು, ಸುಮಾರು 192 ಮೀಟರ್ ಬಂತು. ಅವನು ಎಣಿಕೆ ತಪ್ಪಿಲ್ಲ ಅಂತ ಪಟ್ಟು ಹಿಡಿದ. ಹೋಗಿ ನೋಡಿದರೆ ಹಿಂದಿನ ರಾತ್ರಿ ಮಳೆ ಬಂದು ದಾರಿ ತುಂಬ ಗುಂಡಿಗಳಲ್ಲಿ ನೀರು ನಿಂತಿತ್ತು, ಅವನ ಟಯರಿನ ಗುರುತು ಒಂದೊಂದು ಗುಂಡಿಯನ್ನೂ ಬಳಸಿಕೊಂಡು ಹಾವಿನ ಹಾಗೆ ಹೋಗಿತ್ತು. ಅವನು ಓಡಿಸಿದ್ದು ನಿಜವಾಗಲೂ 192 ಮೀಟರೇ. ಅದನ್ನು ಹೇಳಿದ ಮೇಲೆ ಅವನು ಚಪ್ಪಲಿ ಕಳಚಿಟ್ಟು, ಈ ಸಲ ನೀರಿನ ಮೇಲೇ ನೇರವಾಗಿ ಸೈಕಲ್ ತಳ್ಳಿಕೊಂಡು ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದ.